ನನ್ನ ಕೈಯಲ್ಲಿ ಏನೂ ಇಲ್ಲ: ಮಿಲ್‌ಗ್ರಾಮ್‌ನನ್ನು ಕಥೆಗಾರನಾಗಿ ಓದುವುದು

ಎರಡು ವರ್ಷಗಳ ಹಿಂದೆ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಗದ್ಯದ ತರಗತಿಗೆಂದು ಸ್ಟ್ಯಾನ್ಲಿ ಮಿಲ್‌ಗ್ರಾಮ್ 1973ರಲ್ಲಿ 'ಹಾರ್ಪರ್ಸ್' ಪತ್ರಿಕೆಗೆ ಬರೆದ ಲೇಖನವನ್ನು ಓದಿಸಿದ್ದೆ. ವಿಧೇಯತೆಯ ಮೇಲೆ ಆತ ನಡೆಸಿದ ಪ್ರಯೋಗಗಳ ವಿವರ ಅದರಲ್ಲಿದೆ. ಓದಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದ್ರೆ ಯಾರದ್ದೂ ತಪ್ಪಿಲ್ಲ ಅಂತ ಆಯ್ತಲ್ವಾ ಸರ್? ಆ ಕುರ್ಚಿ ಮೇಲೆ ಯಾರನ್ನ ಕೂರಿಸಿದ್ರೂ ಅದನ್ನೇ ಮಾಡ್ತಿದ್ರು" ಅಂದ. ಉಳಿದವರು ಒಪ್ಪಿಕೊಂಡವರಂತೆ ಸುಮ್ಮನಿದ್ದರು. ನಾನೂ ಏನೋ ಒಂದು ಮಾತು ತೇಲಿಸಿ ಬೆಲ್ ಹೊಡೆಯುವುದನ್ನು ಕಾದೆ.

ಆ ಹುಡುಗ ತಪ್ಪಾಗಿ ಓದಿಕೊಂಡಿರಲಿಲ್ಲ. ಮಿಲ್‌ಗ್ರಾಮ್ ಬರೆದ ಕ್ರಮವೇ ಓದುಗರನ್ನು ಆ ಮಾತಿನ ಹತ್ತಿರಕ್ಕೆ ಕೈಹಿಡಿದು ಕರೆದೊಯ್ಯುತ್ತದೆ. ಮನಃಶಾಸ್ತ್ರದ ಪ್ರಾಥಮಿಕ ಪಠ್ಯಗಳಲ್ಲಂತೂ ಈ ಪ್ರಯೋಗ ಒಂದೇ ಪುಟದ ನೀತಿಕಥೆಯಾಗಿಬಿಟ್ಟಿದೆ. ಮೂರನೇ ಎರಡರಷ್ಟು ಜನ ಆಜ್ಞೆ ಬಂದರೆ ಇನ್ನೊಬ್ಬರ ಜೀವ ತೆಗೆಯಲೂ ಸಿದ್ಧ ಎನ್ನುವುದು ಆ ಕಥೆಯ ನೀತಿ. ನಾನು ಮನಃಶಾಸ್ತ್ರದವನಲ್ಲ, ಸಾಹಿತ್ಯದ ವಿದ್ಯಾರ್ಥಿ. ಆದರೆ ಒಂದು ಕಥೆ ಜನರ ಬಾಯಲ್ಲಿ ಇಷ್ಟು ಸುಲಭವಾಗಿ ನೀತಿಯಾಗಿ ಮುಗಿದುಹೋದಾಗ ಮೂಲಕ್ಕೆ ಹೋಗಿ ಓದಬೇಕೆನ್ನುವುದು ನಮ್ಮ ಶಿಸ್ತು ಕಲಿಸಿದ ಪಾಠ. ಹಾಗಾಗಿ 1974ರಲ್ಲಿ ಪ್ರಕಟವಾದ ಆತನ ಪುಸ್ತಕ 'ಒಬೀಡಿಯನ್ಸ್ ಟು ಅಥಾರಿಟಿ'ಯನ್ನು ಒಂದು ಕಥನವಾಗಿ ಓದಲು ಹೊರಟೆ. ಆ ಓದಿನಲ್ಲಿ ಕಂಡದ್ದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

*

ಮೊದಲು ಸಂಗತಿ. 1961ರ ಬೇಸಿಗೆಯಲ್ಲಿ ಅಮೆರಿಕದ ನ್ಯೂ ಹೇವನ್ ಊರಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ನೆನಪಿನ ಶಕ್ತಿಯ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ, ಒಂದು ಗಂಟೆಯ ಕೆಲಸಕ್ಕೆ 4 ಡಾಲರ್, ಬಂದುಹೋಗುವ ಖರ್ಚಿಗೆ 50 ಸೆಂಟ್. ಗುಮಾಸ್ತರು, ಮಾರಾಟಗಾರರು, ಕಾರ್ಮಿಕರು, ಇಂಜಿನಿಯರುಗಳು ಯೇಲ್ ವಿಶ್ವವಿದ್ಯಾಲಯಕ್ಕೆ ಬಂದರು. ಬಂದವನ ಎದುರಿಗೆ ಇನ್ನೊಬ್ಬ, ನಡುವಯಸ್ಸಿನ, ನೋಡಿದರೆ ಹಿತವೆನಿಸುವ ಮನುಷ್ಯ ಕೂತಿರುತ್ತಿದ್ದ. ಇಬ್ಬರೂ ಚೀಟಿ ಎತ್ತಬೇಕು. ಒಬ್ಬ ಶಿಕ್ಷಕ, ಇನ್ನೊಬ್ಬ ಕಲಿಯುವವ. ಎರಡೂ ಚೀಟಿಗಳಲ್ಲಿ 'ಶಿಕ್ಷಕ' ಎಂದೇ ಬರೆದಿರುತ್ತಿತ್ತು. ಎದುರಿಗಿದ್ದವನು ಮಿಲ್‌ಗ್ರಾಮ್ ಸಂಬಳ ಕೊಟ್ಟು ಗೊತ್ತುಮಾಡಿಕೊಂಡ ಲೆಕ್ಕಿಗ. ಅವನನ್ನು ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟುತ್ತಾರೆ. ಶಿಕ್ಷಕನ ಮುಂದೆ 30 ಸ್ವಿಚ್‌ಗಳ ಪೆಟ್ಟಿಗೆ. 15 ವೋಲ್ಟಿನಿಂದ ಶುರುವಾಗಿ ಹದಿನೈದು ಹದಿನೈದು ಏರುತ್ತಾ 450ರವರೆಗೆ. ಪ್ರತಿ ತಪ್ಪು ಉತ್ತರಕ್ಕೆ ಒಂದು ಮೆಟ್ಟಿಲು ಮೇಲಿನ ಶಾಕ್. ಶಾಕ್ ಸುಳ್ಳು, ಚೀರಾಟ ಮೊದಲೇ ಮುದ್ರಿಸಿದ ಟೇಪು. ಶಿಕ್ಷಕನಿಗೆ ಮಾತ್ರ ಅದು ಗೊತ್ತಿಲ್ಲ. ಅವನು ತಡವರಿಸಿದರೆ, ಬೂದು ಕೋಟು ತೊಟ್ಟ ಪ್ರಯೋಗಕಾರ ಮುಂದುವರಿಸುವಂತೆ ಶಾಂತವಾಗಿ ಹೇಳುತ್ತಾನೆ.

ಮಿಲ್‌ಗ್ರಾಮ್ ಮುಂಚೆಯೇ ಮನೋವೈದ್ಯರನ್ನು ಕೇಳಿದ್ದ. ಸಾವಿರಕ್ಕೆ ಒಬ್ಬ ಕೊನೆಯವರೆಗೆ ಹೋದರೆ ಹೆಚ್ಚು ಎಂದು ಅವರು ಅಂದಾಜು ಮಾಡಿದ್ದರು. 1963ರಲ್ಲಿ ಪ್ರಕಟವಾದ ಮೊದಲ ಪ್ರಬಂಧದ ಪ್ರಕಾರ 40 ಜನರಲ್ಲಿ 26 ಜನ 450 ವೋಲ್ಟಿನ ಸ್ವಿಚ್ ಒತ್ತಿದರು. ಶೇಕಡಾ 65.

ಈ ಸಂಖ್ಯೆ ಹುಟ್ಟಿದ ಕಾಲವನ್ನು ಮರೆಯುವಂತಿಲ್ಲ. ಜೆರುಸಲೇಮಿನಲ್ಲಿ ಅಡಾಲ್ಫ್ ಐಖ್‌ಮನ್‌ನ ವಿಚಾರಣೆ ಶುರುವಾದದ್ದು 1961ರ ಏಪ್ರಿಲ್‌ನಲ್ಲಿ. ತಾನು ಆಜ್ಞೆ ಪಾಲಿಸಿದೆ ಎನ್ನುವುದೇ ಅವನ ವಾದ. ಪ್ರಯೋಗ ಮುಗಿದದ್ದು 1962ರ ಮೇ ಕೊನೆಯಲ್ಲಿ, ಐಖ್‌ಮನ್‌ಗೆ ಗಲ್ಲಾದದ್ದೂ ಅದೇ ದಿನಗಳಲ್ಲಿ. ಯಹೂದಿ ಕುಟುಂಬದಲ್ಲಿ ಹುಟ್ಟಿದ, ಇನ್ನೂ ಮೂವತ್ತು ತುಂಬದ ಮಿಲ್‌ಗ್ರಾಮ್ ಆ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಹುಡುಕಲು ಹೊರಟಿದ್ದ. ಅದರ ಹಿಂದಿನ ತಳಮಳ ನಿಜವಾದದ್ದು. ಪುಸ್ತಕದ ಶಕ್ತಿಯೂ ಅಲ್ಲಿಂದಲೇ ಬಂದಿದೆ ಎಂದು ನನಗನ್ನಿಸುತ್ತದೆ.

*

ಪುಸ್ತಕದಲ್ಲಿ ಎರಡು ಬಗೆಯ ಬರವಣಿಗೆ ಇದೆ. ಒಂದು ಕಡೆ ಕೋಷ್ಟಕಗಳು, ಸಿದ್ಧಾಂತ. ಇನ್ನೊಂದು ಕಡೆ ವ್ಯಕ್ತಿಚಿತ್ರಗಳು. ಹೆಸರು ಬದಲಿಸಿ, ಆದರೆ ವಯಸ್ಸು, ಕಸುಬು, ಮುಖಚರ್ಯೆ, ಮಾತಿನ ಧಾಟಿಗಳನ್ನೆಲ್ಲ ಹಿಡಿದಿಟ್ಟು ಆತ ಬರೆದ ಈ ಪುಟಗಳು ಒಳ್ಳೆಯ ಸಣ್ಣಕಥೆಗಾರನ ಪುಟಗಳು. ಮಿಲ್‌ಗ್ರಾಮ್ ಓದುಗರ ಮನಸ್ಸಿನಲ್ಲಿ ಉಳಿದಿರುವುದು ಈ ಎರಡನೆಯ ಬರವಣಿಗೆಯಿಂದ.

ಫ್ರೆಡ್ ಪ್ರೋಜಿ ಎಂಬ ಹೆಸರಿಟ್ಟ ನಿರುದ್ಯೋಗಿ, ಸುಮಾರು ಐವತ್ತರ ಪ್ರಾಯದವನು, ಒಳಗಿನ ಮನುಷ್ಯನಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಹೊಣೆ ತನ್ನದು ಎಂದು ಪ್ರಯೋಗಕಾರ ಹೇಳುತ್ತಾನೆ. ಪ್ರೋಜಿ ಬೈದುಕೊಳ್ಳುತ್ತಾ, ಬೇಡಿಕೊಳ್ಳುತ್ತಾ 450 ಮುಟ್ಟುತ್ತಾನೆ. 1965ರಲ್ಲಿ ಬಂದ ಕಪ್ಪುಬಿಳುಪಿನ ಸಾಕ್ಷ್ಯಚಿತ್ರದಲ್ಲಿಯೂ ಅವನಿದ್ದಾನೆ. ಅವನ ಕೈ ಸ್ವಿಚ್ ಒತ್ತುತ್ತಿರುವಾಗ ಬಾಯಿ ಬೇಡವೆನ್ನುತ್ತಿರುತ್ತದೆ. ಬಾಯಿಗೂ ಕೈಗೂ ಸಂಬಂಧ ಕಡಿದುಹೋದ ಆ ಗಳಿಗೆಯನ್ನು ನೋಡುವುದು ಕಷ್ಟ. ಬಾಯಿಯಲ್ಲಿ ವಿರೋಧಿಸಿ ಕೈಯಲ್ಲಿ ಪಾಲಿಸುವ ಈ ಸ್ಥಿತಿಯನ್ನು ಮಿಲ್‌ಗ್ರಾಮ್ ಬಹಳ ಸೂಕ್ಷ್ಮವಾಗಿ ಗಮನಿಸಿದ್ದಾನೆ. ವಿರೋಧದ ಮಾತು ಕೆಲವೊಮ್ಮೆ ವಿಧೇಯತೆಗೆ ಎಣ್ಣೆ ಹಾಕುತ್ತದೆ. ನಾನು ಹೇಳುವುದನ್ನು ಹೇಳಿದ್ದೇನೆ ಎಂಬ ಸಮಾಧಾನದಲ್ಲಿ ಮುಂದಿನ ಸ್ವಿಚ್ ಹಗುರವಾಗುತ್ತದೆ.

ಒಪ್ಪದವರ ಚಿತ್ರಗಳೂ ಇವೆ. ಹಾಲೆಂಡಿನಿಂದ ವಲಸೆ ಬಂದ ಇಂಜಿನಿಯರ್ 255 ವೋಲ್ಟಿನ ಹತ್ತಿರ ನಿಲ್ಲಿಸುತ್ತಾನೆ. ಬೇರೆ ಆಯ್ಕೆಯಿಲ್ಲ ಎಂದು ಪ್ರಯೋಗಕಾರ ಹೇಳಿದ್ದೇ ತಡ, ತನಗೆ ಆಯ್ಕೆ ಇದ್ದೇ ಇದೆ ಎಂದು ತಿರುಗಿ ಹೇಳುತ್ತಾನೆ. ಆಮೇಲೆ ಕೇಳಿದಾಗ, ಅಲ್ಲಿಯವರೆಗೆ ಕೊಟ್ಟ ಶಾಕ್‌ಗಳ ಹೊಣೆಯನ್ನೂ ತನ್ನ ತಲೆಯ ಮೇಲೇ ಹಾಕಿಕೊಳ್ಳುತ್ತಾನೆ. ಜರ್ಮನಿಯಲ್ಲಿ ಹಿಟ್ಲರನ ಕಾಲದಲ್ಲಿ ಬೆಳೆದ ಮೂವತ್ತೊಂದರ ಹೆಂಗಸು 210ರಲ್ಲಿ ನಿಲ್ಲಿಸುತ್ತಾಳೆ. ಬೆವರಿಲ್ಲ, ನಡುಕವಿಲ್ಲ, ಭಾಷಣವಿಲ್ಲ. ಆಕೆ ನಿರಾಕರಿಸುವುದನ್ನು ಓದಿದರೆ, ಇದು ಯಾರು ಬೇಕಾದರೂ ಮಾಡಬಹುದಾದ ಸರಳ ಕೆಲಸವೆಂಬಂತೆ ತೋರುತ್ತದೆ. ಅವಿಧೇಯತೆ ಹೀಗೂ ಇರಬಹುದೆಂದು ತಾನೇ ನಿರೀಕ್ಷಿಸಿದ್ದೆನೆಂದು ಮಿಲ್‌ಗ್ರಾಮ್ ಒಪ್ಪಿಕೊಳ್ಳುವ ಧಾಟಿಯಲ್ಲಿ ಬರೆಯುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪುಟ ಇದೇ. ಆದರೆ ಪಠ್ಯಪುಸ್ತಕಗಳ ಒಂದು ಪುಟದ ಕಥೆಯಲ್ಲಿ ಈ ಹೆಂಗಸಿಗೆ ಜಾಗವಿಲ್ಲ.

ಕಥೆಗಾರನಿಗಿರುವ ದೋಷಗಳೂ ಮಿಲ್‌ಗ್ರಾಮ್‌ಗಿವೆ. ಒಂದು ಆವೃತ್ತಿಯಲ್ಲಿ ಕಲಿಯುವವನ ಕೈಯನ್ನು ಶಿಕ್ಷಕನೇ ಹಿಡಿದು ಶಾಕ್ ಪಟ್ಟಿಯ ಮೇಲೆ ಒತ್ತಬೇಕು. ಅಲ್ಲಿ ಕೊನೆಯವರೆಗೆ ಹೋಗುವ ವೆಲ್ಡಿಂಗ್ ಕಾರ್ಮಿಕನೊಬ್ಬನ ಚಿತ್ರವಿದೆ. ಇಟಲಿಯಿಂದ ಬಂದ ತಂದೆತಾಯಿಯ ಮಗ. ಅವನು ಏನಾದರೂ ಮಾಡುವ ಮೊದಲೇ ಅವನ ಮುಖ ಒರಟು, ಚುರುಕಿಲ್ಲದ್ದು, ಮೃಗದಂಥದ್ದು ಎಂಬರ್ಥದ ವರ್ಣನೆ ಬಂದುಬಿಡುತ್ತದೆ. ಬುದ್ಧಿವಂತ ಕಸುಬಿನವರು ಕೊನೆಯವರೆಗೆ ಹೋದಾಗ ಅವರ ಸಂಕಟಕ್ಕೆ ಒಳಮನಸ್ಸಿನ ವಿವರಣೆ ಸಿಗುತ್ತದೆ, ಈ ಕಾರ್ಮಿಕನಿಗೆ ಮುಖವೇ ವಿವರಣೆ. ಕೆಟ್ಟವರು ಬೇರೆ ಜಾತಿಯ ಪ್ರಾಣಿಗಳಲ್ಲ, ಎಲ್ಲರೂ ಸಾಮಾನ್ಯರೇ ಎಂದು ಸಾಬೀತು ಮಾಡಲು ಹೊರಟ ಪುಸ್ತಕ ಈ ಒಂದು ಕಡೆ ತನ್ನ ವಾದಕ್ಕೆ ತಾನೇ ವಿರುದ್ಧವಾಗಿ ನಿಲ್ಲುತ್ತದೆ.

*

ಈಗ ಆ 65ರ ವಿಷಯ. ಮಿಲ್‌ಗ್ರಾಮ್ ಮಾಡಿದ್ದು ಒಂದು ಪ್ರಯೋಗವಲ್ಲ, ಇಪ್ಪತ್ತಕ್ಕೂ ಹೆಚ್ಚು ಆವೃತ್ತಿಗಳು. ಇದು ಅವನ ನಿಜವಾದ ಜಾಣ್ಮೆ. ಒಂದೇ ನಾಟಕವನ್ನು ಸಣ್ಣಸಣ್ಣ ಬದಲಾವಣೆಗಳೊಂದಿಗೆ ಮತ್ತೆ ಮತ್ತೆ ಆಡಿಸಿ ಏನು ಬದಲಾಗುತ್ತದೆ ಎಂದು ನೋಡಿದ. ಕಲಿಯುವವನನ್ನು ಅದೇ ಕೋಣೆಗೆ ತಂದು ಕೂರಿಸಿದಾಗ ಕೊನೆಯವರೆಗೆ ಹೋದವರು ಶೇಕಡಾ 40ಕ್ಕೆ ಇಳಿದರು, ಕೈ ಮುಟ್ಟಿ ಒತ್ತಬೇಕಾದಾಗ 30ಕ್ಕೆ. ಯೇಲ್ ಹೆಸರಿಲ್ಲದೆ, ಬ್ರಿಡ್ಜ್‌ಪೋರ್ಟ್ ಪಟ್ಟಣದ ಸಾಧಾರಣ ಕಚೇರಿಯೊಂದರಲ್ಲಿ ನಡೆಸಿದಾಗ 47.5. ಪ್ರಯೋಗಕಾರ ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ ಸುಮಾರು 20. ಆಗ ಕೆಲವರು, ಶಾಕ್ ಏರಿಸುತ್ತಿದ್ದೇವೆಂದು ಫೋನಿನಲ್ಲಿ ಸುಳ್ಳು ಹೇಳಿ ಅತಿ ಕಡಿಮೆಯ ಸ್ವಿಚ್ಚನ್ನೇ ಒತ್ತುತ್ತಿದ್ದರು. ಇಬ್ಬರು ಪ್ರಯೋಗಕಾರರು ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳಿದಾಗ 20 ಜನರಲ್ಲಿ ಒಬ್ಬರೂ ಕೊನೆ ಮುಟ್ಟಲಿಲ್ಲ. ಸ್ವಿಚ್ ಒತ್ತುವ ಕೆಲಸ ಬೇರೊಬ್ಬನದಾಗಿ, ತಾನು ಬರೀ ಪ್ರಶ್ನೆ ಓದಬೇಕಾಗಿದ್ದಾಗ 40ರಲ್ಲಿ 37 ಜನ ಕೊನೆಯವರೆಗೆ ಇದ್ದರು. ಪಕ್ಕದಲ್ಲಿದ್ದ ಇಬ್ಬರು ಜೊತೆಗಾರರು ಎದ್ದು ನಿರಾಕರಿಸಿದಾಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ.

ಸೊನ್ನೆಯಿಂದ 92.5ರವರೆಗೆ. ಇಷ್ಟು ಅಗಲದ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಹೆಕ್ಕಿ ಇದೇ ಮನುಷ್ಯಸ್ವಭಾವ ಎಂದರೆ ಅದು ಸಂಪಾದನೆಯ ಕೆಲಸ, ಒಂದು ಪಾಠವನ್ನು ಉಳಿಸಿ ಮಿಕ್ಕವನ್ನು ಅಡಿಟಿಪ್ಪಣಿಗೆ ತಳ್ಳಿದ ಹಾಗೆ. ಎಲ್ಲ ಆವೃತ್ತಿಗಳನ್ನೂ ಕೂಡಿಸಿ ನೋಡಿದರೆ ಕೊನೆಯ ಸ್ವಿಚ್ ಒತ್ತಿದವರು ಅರ್ಧಕ್ಕಿಂತ ಕಡಿಮೆ. ಇದೇ ಪುಸ್ತಕಕ್ಕೆ 'ಅವಿಧೇಯತೆ' ಎಂದು ಹೆಸರಿಟ್ಟಿದ್ದರೂ ಅಂಕಿಅಂಶಗಳು ತಕರಾರು ಮಾಡುತ್ತಿರಲಿಲ್ಲ.

ಪುಸ್ತಕದಲ್ಲಿ ಸೇರದೇ ಹೋದ ಆವೃತ್ತಿಯೂ ಒಂದಿದೆ. ಅದರಲ್ಲಿ ಶಿಕ್ಷಕನೂ ಕಲಿಯುವವನೂ ಮೊದಲೇ ಪರಿಚಿತರು: ಗೆಳೆಯರು, ನೆಂಟರು, ನೆರೆಯವರು. ಇಪ್ಪತ್ತು ಜೋಡಿಗಳಲ್ಲಿ ಕೊನೆಯವರೆಗೆ ಹೋದವರು ಮೂವರು. ಮಿಲ್‌ಗ್ರಾಮ್ ಇದನ್ನು ಪ್ರಕಟಿಸಲಿಲ್ಲ. ಯೇಲ್‌ನಲ್ಲಿರುವ ಅವನ ಕಾಗದಪತ್ರಗಳನ್ನು ಸಂಶೋಧಕರು ತೆರೆದು ನೋಡಿದ ಮೇಲೆ ಇದು ಹೊರಗೆ ಬಂತು. ಗೆಳೆಯನ ಕೂಗು ಕೇಳುವ ಹಿಂಸೆಯನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಗಿರಬಹುದು, ಅಥವಾ ಕಥೆಯ ಓಟಕ್ಕೆ ಇದು ಅಡ್ಡ ಬಂದಿರಬಹುದು. ಕಾರಣ ಏನೇ ಇರಲಿ, ಕೈಬಿಟ್ಟ ಈ ಅಧ್ಯಾಯ ಸೇರಿಕೊಂಡರೆ ಪುಸ್ತಕದ ಅರ್ಥ ಬದಲಾಗುತ್ತದೆ. ವಿಧೇಯತೆಗೆ ಅಪರಿಚಿತತೆ ಬೇಕು. ಗೋಡೆ ಬೇಕು.

*

ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ಆ ಕೋಣೆಯ ಭಾಷೆ. ಪ್ರಯೋಗಕಾರನಿಗೆ ನಾಲ್ಕು ಮಾತುಗಳನ್ನು ಬರೆದುಕೊಟ್ಟಿದ್ದರು. ಮೊದಲನೆಯದು ವಿನಂತಿ. ಎರಡನೆಯದರಲ್ಲಿ ಪ್ರಯೋಗಕ್ಕೆ ಇದು ಬೇಕು ಎನ್ನುತ್ತಾನೆ. ಮೂರನೆಯದರಲ್ಲಿ ಇದು ಅತ್ಯಗತ್ಯ ಎನ್ನುತ್ತಾನೆ. ನಾಲ್ಕನೆಯದರಲ್ಲಿ ಮಾತ್ರ ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು ಎಂಬ ಅಪ್ಪಟ ಆಜ್ಞೆ. ಜೆರ್ರಿ ಬರ್ಗರ್ ಎಂಬ ಮನಃಶಾಸ್ತ್ರಜ್ಞ 2009ರಲ್ಲಿ ಪ್ರಕಟಿಸಿದ ಮರುಪ್ರಯೋಗದಲ್ಲಿ ಒಂದು ವಿಚಿತ್ರ ಕಂಡಿತು. ನಾಲ್ಕನೆಯ ಮಾತು ಕೇಳಬೇಕಾಗಿ ಬಂದ ಒಬ್ಬರೂ ಮುಂದುವರಿಯಲಿಲ್ಲ. ಆಜ್ಞೆ ಆಜ್ಞೆಯ ರೂಪದಲ್ಲಿ ಬಂದ ತಕ್ಷಣ ಜನ ಎದ್ದು ನಿಂತರು. ಹಾಗಾದರೆ ಅಲ್ಲಿಯವರೆಗೆ ಅವರನ್ನು ಒಯ್ದದ್ದು ಯಾವುದು? ಸ್ಟೀಫನ್ ರೈಖರ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಎಂಬ ವಿದ್ವಾಂಸರು ಹೇಳುವಂತೆ, ಅದು ಹೆದರಿಕೆಯಲ್ಲ, ನಂಬಿಕೆ. ವಿಜ್ಞಾನವೆಂಬ ದೊಡ್ಡ ಒಳ್ಳೆಯ ಕೆಲಸದಲ್ಲಿ ತಾವೂ ಪಾಲುದಾರರು ಎಂದು ಅವರು ಒಪ್ಪಿಕೊಂಡಿದ್ದರು. ಎರಡನೆಯ ಮಾತಿನಲ್ಲಿ ಕೇಳುವವನು ಮನುಷ್ಯನಲ್ಲ, 'ಪ್ರಯೋಗ'. ಪ್ರಯೋಗಕ್ಕೆ ಬೇಕಂತೆ. ಅದರೊಡನೆ ಜಗಳ ಆಡುವುದು ಹೇಗೆ?

ಕನ್ನಡದಲ್ಲಿ ಇದಕ್ಕೆ ನಮಗೆ ಪ್ರತ್ಯೇಕ ಪ್ರಯೋಗಾಲಯ ಬೇಕಿಲ್ಲ, ಯಾವ ಕಚೇರಿಯ ನೋಟೀಸ್ ಬೋರ್ಡಾದರೂ ಸಾಕು. ಸೂಚಿಸಲಾಗಿದೆ, ಆದೇಶಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಕರ್ತೃ ಇಲ್ಲದ ವಾಕ್ಯಗಳು. ಸೂಚಿಸಿದವರು ಯಾರು ಎಂದರೆ ಉತ್ತರ, 'ಮೇಲಿನಿಂದ ಬಂದಿದೆ.'

ಇನ್ನೊಂದು ಮಾತು 150 ವೋಲ್ಟಿನದು. ಡೊಮಿನಿಕ್ ಪ್ಯಾಕರ್ ಎಂಬವರು 2008ರಲ್ಲಿ ಹಲವು ಆವೃತ್ತಿಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಜನ ನಿರಾಕರಿಸುವ ಸಾಧ್ಯತೆ ಅತಿ ಹೆಚ್ಚಿದ್ದದ್ದು 150ರಲ್ಲಿ ಎಂದು ಕಂಡಿತು. ಚೀರಾಟ ಅತಿಯಾಗಿರುವುದು ಅಲ್ಲಲ್ಲ, ಅದು ಇನ್ನೂ ಬಹಳ ಮುಂದಿದೆ. 150ರಲ್ಲಿ ಕಲಿಯುವವನು ಮೊದಲ ಬಾರಿಗೆ ತನ್ನನ್ನು ಬಿಟ್ಟುಬಿಡಿ ಎಂದು ಸ್ಪಷ್ಟವಾಗಿ ಕೇಳುತ್ತಾನೆ. ಅಲ್ಲಿಯವರೆಗಿನ ನರಳಾಟ ಬರೀ ಸದ್ದು, ಇದು ಮಾತು. ತನಗೆ ಒಪ್ಪಿಗೆಯಿಲ್ಲ ಎಂದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳಿದ ವಾಕ್ಯ. ಆ ವಾಕ್ಯವನ್ನು ವಾಕ್ಯವಾಗಿ ಕೇಳಿಸಿಕೊಂಡವರು ಅಲ್ಲೇ ಎದ್ದರು. ಅದನ್ನು ದಾಟಿ ಹೋದವರಿಗೆ ಆಮೇಲಿನ ಚೀರಾಟ ಹೆಚ್ಚಿನದೇನನ್ನೂ ಹೇಳಲಿಲ್ಲ. ಓದುವುದು, ಕೇಳುವುದು ಎಂಬ ನಮ್ಮ ಕೆಲಸಕ್ಕೆ ಇದಕ್ಕಿಂತ ಗಂಭೀರವಾದ ಸಮರ್ಥನೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

*

ಇತ್ತೀಚೆಗೆ ಮಿಲ್‌ಗ್ರಾಮ್‌ನನ್ನು ಬುಡಮೇಲು ಮಾಡುವ ಬರವಣಿಗೆ ಹೆಚ್ಚಾಗಿದೆ. ಡಯಾನಾ ಬಾಮ್‌ರಿಂಡ್ 1964ರಲ್ಲೇ, ನಂಬಿ ಬಂದವರಿಗೆ ಹೀಗೆ ನೋವು ಕೊಡುವುದು ಸರಿಯೇ ಎಂದು ಪ್ರಶ್ನಿಸಿದ್ದರು. ಆಸ್ಟ್ರೇಲಿಯಾದ ಜೀನಾ ಪೆರಿ 2012ರ ತಮ್ಮ ಪುಸ್ತಕದಲ್ಲಿ ಧ್ವನಿಮುದ್ರಣಗಳನ್ನು ಕೇಳಿ, ಪ್ರಯೋಗಕಾರ ನಾಲ್ಕು ಮಾತುಗಳಿಗೆ ನಿಲ್ಲದೆ ತನ್ನದೇ ಮಾತು ಸೇರಿಸಿ ಒತ್ತಾಯಿಸುತ್ತಿದ್ದ ಎಂದು ತೋರಿಸಿದ್ದಾರೆ. ಭಾಗವಹಿಸಿದ ಅನೇಕರಿಗೆ ಶಾಕ್ ಸುಳ್ಳೆಂಬ ಪೂರ್ತಿ ಸತ್ಯ ತಿಂಗಳುಗಟ್ಟಲೆ ತಿಳಿದಿರಲಿಲ್ಲ. ಶಾಕ್ ನಿಜವೆಂದು ಪೂರ್ತಿ ನಂಬಿದ್ದೆವು ಎಂದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಇವೆಲ್ಲ ಬೇಕಾದ ತಿದ್ದುಪಡಿಗಳೇ. ಆದರೆ ಇದೆಲ್ಲ ಬರೀ ಮೋಸ ಎಂದು ಕೈತೊಳೆದುಕೊಳ್ಳುವುದೂ ಇನ್ನೊಂದು ಸುಲಭದ ನೀತಿಕಥೆ. ಬರ್ಗರ್ ತನ್ನ ಮರುಪ್ರಯೋಗವನ್ನು 150ರಲ್ಲೇ ನಿಲ್ಲಿಸಿದರೂ, ಅದನ್ನು ದಾಟಲು ಸಿದ್ಧರಿದ್ದವರು ಶೇಕಡಾ 70. ಎಲ್ಲರೂ ಹೀಗೇ ಎಂಬ ಓದು ನಮ್ಮನ್ನು ಬಿಡುಗಡೆ ಮಾಡುತ್ತದೆ. ಇದು ಸುಳ್ಳು ಎಂಬ ಓದೂ ನಮ್ಮನ್ನು ಬಿಡುಗಡೆ ಮಾಡುತ್ತದೆ. ಎರಡರಿಂದಲೂ ತಪ್ಪಿಸಿಕೊಂಡು ಓದುವುದೇ ಕಷ್ಟದ ಕೆಲಸ.

ನನಗೆ ಕಾಣುವ ದೊಡ್ಡ ಕೊರತೆ ಬೇರೆ. ಮಿಲ್‌ಗ್ರಾಮ್ ತನ್ನ ಕೋಣೆಯಲ್ಲಿದ್ದ ಅತ್ಯಂತ ವಿಧೇಯ ವ್ಯಕ್ತಿಯನ್ನು ನೋಡಲೇ ಇಲ್ಲ. ಅವನು ಬೂದು ಕೋಟಿನ ಪ್ರಯೋಗಕಾರ. ನಿಜಜೀವನದಲ್ಲಿ ಅವನೊಬ್ಬ ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು. ತಿಂಗಳುಗಟ್ಟಲೆ ತನ್ನ ಕಣ್ಣೆದುರು ಜನ ಬೆವರಿ, ನಡುಗಿ, ಬೇಡಿಕೊಂಡರೂ ಶಾಂತವಾಗಿ ಮುಂದುವರಿಸಿ ಎನ್ನುತ್ತಿದ್ದವನು. ಆ ಸಂಕಟ ಟೇಪಿನದಾಗಿರಲಿಲ್ಲ, ನಿಜವಾದದ್ದಾಗಿತ್ತು. ಅವನು ನಿಲ್ಲಿಸಲಿಲ್ಲ, ಏಕೆಂದರೆ ಕನ್ನಡಿಯ ಹಿಂದಿನಿಂದ ನೋಡುತ್ತಿದ್ದ ಮಿಲ್‌ಗ್ರಾಮ್‌ಗೆ ಅದು ಬೇಕಾಗಿತ್ತು. ಮಿಲ್‌ಗ್ರಾಮ್‌ನೂ ನಿಲ್ಲಿಸಲಿಲ್ಲ, ಏಕೆಂದರೆ ವಿಜ್ಞಾನಕ್ಕೆ ಅದು ಬೇಕಾಗಿತ್ತು. ಈ ಅಧ್ಯಾಯವನ್ನು ಅವನು ಬರೆದಿದ್ದರೆ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು.

*

ಇಷ್ಟು ಹೇಳಿದ ಮೇಲೆ ನಾನೂ ಕನ್ನಡಿಯ ಹಿಂದೆ ನಿಲ್ಲುವುದು ಸರಿಯಲ್ಲ.

ಆ ತರಗತಿ ನಡೆದು ಸ್ವಲ್ಪ ದಿನಕ್ಕೆ ಇಂಟರ್ನಲ್ ಟೆಸ್ಟ್ ಬಂತು. ಶುಲ್ಕ ಬಾಕಿ ಇರುವವರ ಪಟ್ಟಿಯೊಂದನ್ನು ಆಫೀಸಿನಿಂದ ಕಳಿಸಿದ್ದರು, ಅವರನ್ನು ಕೂರಿಸಬಾರದು ಎಂದು. ನನ್ನ ಕೋಣೆಯಲ್ಲಿ ಒಬ್ಬಳಿದ್ದಳು. ಹೆಸರು ಕರೆದೆ. ಅವಳು ಪೆನ್ನು ಮುಚ್ಚಿ ಎದ್ದು ಬಂದು ಮೆಲ್ಲಗೆ, "ಅಪ್ಪ ಸೋಮವಾರ ಕಟ್ತಾರೆ ಸರ್, ಇದೊಂದು ಬರೀತೀನಿ" ಅಂದಳು. ನಾನು, "ನನ್ನ ಕೈಯಲ್ಲಿ ಏನೂ ಇಲ್ಲಮ್ಮ, ಆಫೀಸಿನಿಂದ ಬಂದಿದೆ" ಅಂದೆ. ನಿಜಕ್ಕೂ ಮೃದುವಾಗಿಯೇ ಅಂದೆ. ಅವಳು ಹೋದಳು. ನನ್ನ ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಇತ್ತು.

ತನ್ನನ್ನು ತಾನು ಇನ್ನೊಬ್ಬರ ಇಚ್ಛೆಯ ಸಾಧನವೆಂದು ಬಗೆಯುವ ಮನಸ್ಥಿತಿಗೆ ಮಿಲ್‌ಗ್ರಾಮ್ 'ಏಜೆಂಟಿಕ್ ಸ್ಥಿತಿ' ಎಂದು ಹೆಸರಿಟ್ಟು, ಅದನ್ನು ವಿವರಿಸಲು ಪುಟಗಟ್ಟಲೆ ಬರೆದ. ಆ ಪುಟಗಳು ಅವನ ವ್ಯಕ್ತಿಚಿತ್ರಗಳಷ್ಟು ಗಟ್ಟಿಯಿಲ್ಲ. ಬೇರೆ ಬೇರೆ ಆವೃತ್ತಿಗಳಲ್ಲಿ ಫಲಿತಾಂಶ ಅಷ್ಟು ಏರಿಳಿದದ್ದು ಏಕೆಂದು ಅವು ವಿವರಿಸುವುದಿಲ್ಲ. ನಮ್ಮ ಭಾಷೆ ಅದನ್ನು ನಾಲ್ಕೇ ಪದಗಳಲ್ಲಿ ಹೇಳುತ್ತದೆ, ಅದೂ ಕೈಯ ಹೆಸರಿನಲ್ಲಿ. ಸಮಸ್ಯೆ ಏನೆಂದರೆ, ನಾನು ಆ ಸ್ಥಿತಿಗೆ ಜಾರಿಹೋಗಿರಲಿಲ್ಲ. ಎಚ್ಚರವಾಗಿಯೇ ಇದ್ದೆ. ಅತಿಥಿ ಉಪನ್ಯಾಸಕನ ಕೆಲಸ ಮುಂದಿನ ಸೆಮಿಸ್ಟರಿಗೆ ಉಳಿಯುತ್ತದೋ ಇಲ್ಲವೋ ಎಂಬ ಲೆಕ್ಕ ತಲೆಯಲ್ಲಿತ್ತು. ಆ ವಾಕ್ಯವನ್ನು ಆರಿಸಿಕೊಂಡು ಹೇಳಿದ್ದೆ.

ಅವತ್ತು ಅದೇ ಕಾರಿಡಾರಿನಲ್ಲಿ ಅದೇ ಪಟ್ಟಿ ಹಿಡಿದ ಅತಿಥಿ ಉಪನ್ಯಾಸಕರು ಇನ್ನೂ ಇಬ್ಬರಿದ್ದರು. ಟೆಸ್ಟ್ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಮೂವರೂ ಇದು ತಪ್ಪು ಎಂದು ಬಹಳ ಹೊತ್ತು ಮಾತಾಡಿಕೊಂಡೆವು. ಪ್ರೋಜಿಯ ಹಾಗೆ, ಸ್ವಿಚ್ ಒತ್ತಿಯಾದ ಮೇಲೆ. ಪಕ್ಕದ ಇಬ್ಬರು ಎದ್ದಾಗ ನಲವತ್ತರಲ್ಲಿ ಮೂವತ್ತಾರು ಜನ ನಿಲ್ಲಿಸಿದ್ದರು ಎಂಬ ಅಂಕಿ ನನಗೆ ಆಗಲೇ ಗೊತ್ತಿತ್ತು. ಟೆಸ್ಟ್ ಶುರುವಾಗುವ ಹತ್ತು ನಿಮಿಷ ಮೊದಲು ನಾವು ಮೂವರೂ ಅದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆವು, ಪಟ್ಟಿ ಮೇಜಿನ ಮೇಲಿತ್ತು.

ಆ ಹುಡುಗನಿಗೆ ಅವತ್ತು ಕೊಡಬೇಕಾಗಿದ್ದ ಉತ್ತರ ಈಗ ಕೊಡಬಲ್ಲೆ: ಆ ಕುರ್ಚಿಯ ಮೇಲೆ ಯಾರನ್ನು ಕೂರಿಸಿದರೂ ಅದನ್ನೇ ಮಾಡುತ್ತಿರಲಿಲ್ಲ, ನಲವತ್ತರಲ್ಲಿ ಹದಿನಾಲ್ಕು ಜನ ಮಾಡಲಿಲ್ಲ. ಆ ಹದಿನಾಲ್ಕು ಜನರ ಬಗ್ಗೆ ನಾವು ತರಗತಿಯಲ್ಲಿ ಒಂದು ನಿಮಿಷವೂ ಮಾತಾಡಲಿಲ್ಲ. ಪಾಠ ಮಾಡಿದವನು ನಾನು.